ಹದಿನೇಳು ಸೆಕೆಂಡು

ಬಾಟಲಿ ಬೆಂಚಿನ ಅಂಚಿನಿಂದ ಜಾರಿ ನೆಲ ಮುಟ್ಟುವುದಕ್ಕೆ ಐದೇ ಫ್ರೇಮು ಹಿಡಿದಿತ್ತು. ಅವನು ಮತ್ತೊಮ್ಮೆ ಎಣಿಸಿದ. ಒಂದೊಂದೇ ಫ್ರೇಮು ಮುಂದೆ ತಳ್ಳುತ್ತ ಬಾಟಲಿ ಬೆಂಚು ಬಿಟ್ಟದ್ದು, ವಾಲಿದ್ದು, ಗಾಳಿಯಲ್ಲಿದ್ದದ್ದು, ನೆಲದ ಹತ್ತಿರ ಬಂದದ್ದು, ನೆಲಕ್ಕೆ ಬಡಿದದ್ದು. ಐದೇ. ಹಾಗೆ ನೋಡಿದರೆ ಬಾಟಲಿ ಅವನ ಕೆಲಸವೇ ಅಲ್ಲ. ಅವನ ಕೆಲಸ ಅದರ ಪಕ್ಕದಲ್ಲಿದ್ದ ಹೆಂಗಸು. ಅವಳು ಈಜುಕೊಳದ ಬಾಗಿಲು ದಾಟಿ, ಅಂಚಿನುದ್ದಕ್ಕೂ ನಡೆದು, ಬೆಂಚಿನ ಮೇಲೆ ಟವೆಲ್ ಇಟ್ಟು, ಮೆಟ್ಟಿಲಿಳಿದು ನೀರಿಗೆ ಕಾಲಿಡುವವರೆಗಿನ ತುಂಡನ್ನು ಬೇರೆ ಮಾಡಿ ಅವಳ ಗಂಡನಿಗೆ ಕೊಡಬೇಕಿತ್ತು. 'ನೀರಿಗೆ ಇಳಿಯೋ ತನಕ ಸಾಕು, ಆಮೇಲಿಂದು ಬೇಡ' ಎಂದು ಆ ಮನುಷ್ಯ ಫೋನಿನಲ್ಲಿ ಎರಡು ಸಲ ಹೇಳಿದ್ದ. ಅವನು ಬಸ್ ಡ್ರೈವರ್, ನಾಲ್ಕು ಗಂಟೆಗೆ ಡ್ಯೂಟಿ ಮುಗಿಸಿ ಬರುವವನಿದ್ದ. ಟವೆಲಿನ ತುದಿ ತಾಗಿ ಯಾರದೋ ನೀರಿನ ಬಾಟಲಿ ಬಿದ್ದದ್ದನ್ನು ಅವಳು ನೋಡಿಯೇ ಇರಲಿಲ್ಲ. ಮೂರು ವಾರದ ಹಿಂದೆ ಅವಳ ಸಾವಿನ ವಿಚಾರಣೆಗೆಂದು ಇದೇ ಫೈಲನ್ನು ಹತ್ತಾರು ಸಲ ಓಡಿಸಿದ್ದಾಗ ಅವನೂ ನೋಡಿರಲಿಲ್ಲ.

ಸೆಕೆಂಡಿಗೆ ಇಪ್ಪತ್ತೈದರ ಲೆಕ್ಕದಲ್ಲಿ ಐದು ಫ್ರೇಮು ಎಂದರೆ ಸೆಕೆಂಡಿನ ಐದನೇ ಒಂದು ಪಾಲು. ಆ ಬೆಂಚಿನ ಮೇಲೆ ಅವನು ಹಿಂದೆ ಕೂತಿದ್ದಾನೆ, ಅದು ಮಂಡಿಯ ಎತ್ತರಕ್ಕಿದೆ. ಲಕೋಟೆಯ ಹಿಂದೆ ಶಾಲೆಯಲ್ಲಿ ಕಲಿತ ಲೆಕ್ಕ ಹಾಕಿ ನೋಡಿದರೆ, ಅಷ್ಟು ಹೊತ್ತಿನಲ್ಲಿ ನೆಲ ಮುಟ್ಟಬೇಕಾದರೆ ಬೆಂಚು ಒಂದು ಗೇಣು ಎತ್ತರ ಇರಬೇಕಿತ್ತು. ಲೆಕ್ಕ ತಪ್ಪಿರಬಹುದು, ಶಾಲೆಯಲ್ಲಿ ಅವನೇನು ಘನಂದಾರಿ ಕಲಿತವನಲ್ಲ. ಎದ್ದು, ತನ್ನ ನೀರಿನ ಬಾಟಲಿಯನ್ನು ಮಂಡಿ ಎತ್ತರದ ಸ್ಟೂಲಿನ ಮೇಲಿಟ್ಟು, ಸ್ಟುಡಿಯೋದ ಕ್ಯಾಮೆರಾವನ್ನು ಇಪ್ಪತ್ತೈದಕ್ಕೆ ಹಾಕಿ, ಬೆರಳಿನಿಂದ ಬಾಟಲಿಯನ್ನು ತಳ್ಳಿದ. ಸದ್ದಿಗೆ ಮಾಲೀಕ ಪರದೆ ಸರಿಸಿ ಇಣುಕಿದ.

'ಏನಯ್ಯ ಫ್ರೇಮಪ್ಪ, ಮಗಳ ಆಟ ನೀನು ಆಡ್ತಿದೀಯ?'

'ಕ್ಯಾಮೆರಾ ಚೆಕ್ ಮಾಡ್ತಿದ್ದೆ ಸಾರ್.'

'ಬಾಟಲಿ ಬಿತ್ತಾ?'

'ಬಿತ್ತು.'

'ಹಾಗಾದ್ರೆ ಕ್ಯಾಮೆರಾ ಸರಿ ಇದೆ ಬಿಡು,' ಎಂದು ಮಾಲೀಕ ಪರದೆ ಬಿಟ್ಟ.

ಎಂಟು ಫ್ರೇಮು. ಇನ್ನೊಮ್ಮೆ ತಳ್ಳಿದಾಗಲೂ ಎಂಟು. ಎಂಟು ಇರಬೇಕಾದಲ್ಲಿ ಐದು. ಆ ಎರಡು ಅಂಕೆಗಳನ್ನು ಲಕೋಟೆಯ ಮೇಲೆ ಅಕ್ಕಪಕ್ಕ ಬರೆದ. ತಿಳಿಯಬೇಕಾದದ್ದು ತಿಳಿದಾಗಿತ್ತು. ಆದರೂ ಈಜುಕೊಳದಲ್ಲಿ ಕ್ಯಾಮೆರಾ ಹಾಕಿಕೊಟ್ಟವನಿಗೆ ಫೋನು ಮಾಡಿದ. ಆ ರೆಕಾರ್ಡರ್ ಸೆಕೆಂಡಿಗೆ ಎಷ್ಟು ಫ್ರೇಮು ಹಿಡಿಯುತ್ತೆ ಎಂದು, ಸುಮ್ಮನೆ ಕೇಳುವವನ ಹಾಗೆ ಕೇಳಿದ. 'ಹದಿನೈದು,' ಎಂದ ಅವನು, ಬಾಯಲ್ಲಿ ಏನನ್ನೋ ಅಗಿಯುತ್ತ. 'ಡಿಸ್ಕಲ್ಲಿ ಜಾಸ್ತಿ ದಿನ ಹಿಡೀಲಿ ಅಂತ ಎಲ್ಲಾ ಕಡೆ ಹಾಗೇ ಇಡೋದು. ನೀವು ಎಡಿಟರ್ ಅಲ್ವಾ, ನಿಮಗೆ ಗೊತ್ತಿಲ್ವಾ?' ಫೋನಿಟ್ಟ ಮೇಲೂ ಆ ಅಗಿಯುವ ಸದ್ದು ಕಿವಿಯಲ್ಲಿ ಉಳಿಯಿತು.

ಗೊತ್ತಿಲ್ಲದೆ ಏನು. ಅವನಿಗೆ ಫ್ರೇಮಪ್ಪ ಎಂಬ ಹೆಸರು ಬಂದದ್ದೇ ಅದರಿಂದ. ಮದುವೆಯ ವಿಡಿಯೋಗಳಿಗೆ ನೆಂಟರ ಫೋನುಗಳಿಂದ ಹತ್ತು ಬಗೆಯ ಫೈಲುಗಳು ಬರುತ್ತವೆ. ಒಂದು ಮೂವತ್ತರದ್ದು, ಒಂದು ಇಪ್ಪತ್ನಾಲ್ಕರದ್ದು, ಇನ್ನೊಂದು ಬೆಳಕು ಕಡಿಮೆಯಾದಾಗಲೆಲ್ಲ ತನ್ನ ವೇಗವನ್ನು ತಾನೇ ಬದಲಿಸಿಕೊಳ್ಳುವಂಥದ್ದು. ಎಲ್ಲವನ್ನೂ ಹಾಗೇ ಸುರಿದು ಕತ್ತರಿಸಲು ಕೂತರೆ ತುಟಿಗೂ ಮಾತಿಗೂ ತಾಳೆಯಾಗುವುದಿಲ್ಲ. ಒಮ್ಮೆ ವರ ಬಾಯಿ ತೆರೆಯುವ ಮುಂಚೆಯೇ ಅವನ ಮಾತು ಕೇಳಿ ವಧು ನಕ್ಕುಬಿಟ್ಟಿದ್ದಳು. 'ಇರ್ಲಿ ಬಿಡು, ಮುಂದೆ ಜೀವನ ಪೂರ್ತಿ ಆಗೋದು ಅದೇ' ಎಂದಿದ್ದ ಮಾಲೀಕ. ಅವನು ಮಾತ್ರ ಕೂತು ಒಂದೊಂದು ಫೈಲಿನ ಹುಟ್ಟುವೇಗ ಹುಡುಕಿ, ಸರಿಪಡಿಸಿ, ಆಮೇಲೇ ಕತ್ತರಿಗೆ ಕೈ ಹಾಕುವವನು. ಈಜುಕೊಳದ ಫೈಲು ಬಂದ ದಿನ ಹಾಗೆ ಮಾಡಲಿಲ್ಲ. ರೆಕಾರ್ಡರಿನಿಂದ ತೆಗೆದ ಆ ಕಚ್ಚಾ ಫೈಲಿನಲ್ಲಿ ವೇಗದ ವಿವರವೇ ಇರಲಿಲ್ಲ, ಚಿತ್ರದ ಮೂಲೆಯಲ್ಲಿ ಗಂಟೆ ನಿಮಿಷ ತೋರಿಸುವುದನ್ನು ಯಾರೋ ಎಂದೋ ಆರಿಸಿಟ್ಟಿದ್ದರು. ವಿವರ ಇಲ್ಲದ ಫೈಲನ್ನು ಕಂಪ್ಯೂಟರು ಇಪ್ಪತ್ತೈದು ಎಂದೇ ತಿಳಿಯುತ್ತದೆ. ಹದಿನೈದು ಫ್ರೇಮುಗಳನ್ನು ಒಂದು ಸೆಕೆಂಡಿಗೆ ಹಂಚುವ ಬದಲು ಇಪ್ಪತ್ತೈದನ್ನು ತುರುಕುತ್ತದೆ, ಎಲ್ಲವೂ ಬೇಗ ಬೇಗ ಓಡುತ್ತದೆ. ಆ ದಿನ ಅವನ ಕಣ್ಣು ಬೆಂಚಿನ ಮೇಲೂ ಇರಲಿಲ್ಲ, ಆ ಹೆಂಗಸಿನ ಮೇಲೂ ಇರಲಿಲ್ಲ. ಎತ್ತರದ ಕುರ್ಚಿಯಲ್ಲಿ ಬಾಯಲ್ಲಿ ಸೀಟಿ ಕಚ್ಚಿಕೊಂಡು ಕೂತಿದ್ದ ಲೈಫ್‌ಗಾರ್ಡ್ ಮೇಲೆ ಇತ್ತು. ಅವನು ಭಾವ. ಒಡಹುಟ್ಟಿದ ಅಕ್ಕನ ಗಂಡ.

ಜನ ಸ್ವಲ್ಪ ಪುಟುಪುಟು ನಡೆಯುತ್ತಿದ್ದಾರೆ ಅನ್ನಿಸಿತ್ತು. ಒದ್ದೆ ನೆಲದ ಮೇಲೆ ಎಲ್ಲರೂ ಹಾಗೇ ನಡೆಯುತ್ತಾರೆ ಅಂದುಕೊಂಡ. ವಿಚಾರಣೆಯ ದಿನ ಈಜುಕೊಳದ ಸಮಿತಿಯ ಅಧ್ಯಕ್ಷರು ಕನ್ನಡಕ ಏರಿಸಿ, 'ಮಂಡಿ ನೋವು ಅಂತ ಈಜಿಗೆ ಸೇರೋ ಅರ್ಜೀಲಿ ಬರೆದಿದಾರೆ, ಚೆನ್ನಾಗೇ ನಡೀತಿದಾರಲ್ಲ ಪಾಪ' ಎಂದಿದ್ದರು. ಕೋಣೆಯಲ್ಲಿ ಯಾರೋ ಗಂಟಲು ಸರಿಮಾಡಿಕೊಂಡರು. ಹಿಂದಿನ ಸಾಲಿನಲ್ಲಿ ಕೂತಿದ್ದ ಅವಳ ಗಂಡ ತಲೆ ಎತ್ತಿದವನು ಮತ್ತೆ ತಗ್ಗಿಸಿದ, ಸುಳ್ಳು ಅರ್ಜಿ ಕೊಟ್ಟು ಸಿಕ್ಕಿಬಿದ್ದವನ ಹಾಗೆ. ಆಗಲಾದರೂ ಫ್ರೇಮಪ್ಪನಿಗೆ ಗೊತ್ತಾಗಬೇಕಿತ್ತು. ಆದರೆ ಅವನು ಪರದೆಯ ಮೂಲೆಯಲ್ಲಿ ತಾನೇ ಕೂರಿಸಿದ್ದ ಎಣಿಕೆಯನ್ನು ನೋಡುತ್ತಿದ್ದ. ಅವಳ ಕೈ ಕೊನೆಯ ಸಲ ನೀರಿನ ಮೇಲೆ ಕಂಡಲ್ಲಿ ಸೊನ್ನೆ, ಭಾವ ಕುರ್ಚಿಯಿಂದ ಧುಮುಕಿದಲ್ಲಿ ಹದಿನೇಳು. ಇಪ್ಪತ್ತು ಸೆಕೆಂಡಿನೊಳಗೆ ನೀರಿಗೆ ಬೀಳಬೇಕೆಂಬುದು ಆ ಈಜುಕೊಳದ್ದೇ ನಿಯಮ, ಗೋಡೆಯ ಮೇಲೆ ಕೆಂಪಕ್ಷರದಲ್ಲಿ ಬರೆದಿದೆ. ಹದಿನೇಳು ಎಂದು ಗುಮಾಸ್ತ ಬರೆದುಕೊಂಡ. 'ಕರ್ತವ್ಯದಲ್ಲಿ ಲೋಪವಿಲ್ಲ' ಎಂದು ಕೆಳಗೆ ಬರೆಯಲು ಹತ್ತು ನಿಮಿಷವೂ ಬೇಕಾಗಲಿಲ್ಲ. 'ದೃಶ್ಯದಲ್ಲಿ ನಾನು ಯಾವ ಬದಲಾವಣೆಯನ್ನೂ ಮಾಡಿಲ್ಲ' ಎಂಬ ಹಾಳೆಗೆ ಅವನು ಸಹಿ ಹಾಕಿದ. ಅದು ಅಕ್ಷರಶಃ ನಿಜ. ಅವನು ಏನೂ ಮಾಡಿರಲಿಲ್ಲ. ಲೈಫ್‌ಗಾರ್ಡ್ ನಿಮಗೆ ಏನಾಗಬೇಕು ಎಂದು ಯಾರೂ ಕೇಳಲಿಲ್ಲ, ಕೇಳದಿದ್ದುದಕ್ಕೆ ಅವನೂ ಹೇಳಲಿಲ್ಲ.

ಈಗ ಫೈಲಿನ ಗುಣಗಳ ಪಟ್ಟಿ ತೆರೆದು, ಇಪ್ಪತ್ತೈದನ್ನು ಅಳಿಸಿ ಹದಿನೈದು ಎಂದು ಹೊಡೆದ. ಅದಕ್ಕೆ ಬೇಕಾದದ್ದು ಎರಡು ಬೆರಳಿನ ಕೆಲಸ. ಎಣಿಕೆ ತಾನಾಗಿ ತಿದ್ದಿಕೊಂಡಿತು. ಹದಿನೇಳಿದ್ದ ಕಡೆ ಇಪ್ಪತ್ತೆಂಟು ಚಿಲ್ಲರೆ ಬಂದು ಕೂತಿತು. ಓಡಿಸಿ ನೋಡುವ ಧೈರ್ಯವಾಗಲಿಲ್ಲ. ಆದರೂ ಓಡಿಸಿದ. ಸದ್ದಿಲ್ಲದ ಚಿತ್ರ. ನೀರು ಅಲ್ಲಾಡುವ ರೀತಿಯೇ ಬೇರೆಯಾಗಿತ್ತು, ಭಾರ ಬಂದಿತ್ತು ಅದಕ್ಕೆ. ಮೊದಲು ಚುರುಕಾಗಿ ಕತ್ತು ತಿರುಗಿಸಿ, ಕ್ಷಣ ಅಳೆದು, ಧುಮುಕಿದಂತೆ ಕಂಡಿದ್ದ ಭಾವ ಈಗ ಕತ್ತು ತಿರುಗಿಸಿ ಹಾಗೇ ಉಳಿದುಬಿಟ್ಟಿದ್ದ. ಫೋನು ನೋಡುತ್ತಿರಲಿಲ್ಲ. ಯಾರೊಂದಿಗೂ ಹರಟುತ್ತಿರಲಿಲ್ಲ. ತೂಕಡಿಸುತ್ತಿರಲಿಲ್ಲ. ಅವಳು ಮುಳುಗಿದ ಜಾಗವನ್ನೇ ನೆಟ್ಟಗೆ ನೋಡುತ್ತಿದ್ದ. ಎರಡು ಕೈಯೂ ಕುರ್ಚಿಯ ತೋಳಿನ ಮೇಲೆ. ನೀರಿನ ಮೇಲೆ ಏನೂ ಇಲ್ಲ. ಪಕ್ಕದ ಸಾಲಿನಲ್ಲಿ ಯಾರೋ ಈಜುತ್ತ ಒಂದು ತುದಿ ಮುಟ್ಟಿ ತಿರುಗಿದರು. ಭಾವ ನೋಡುತ್ತಲೇ ಇದ್ದ. ಆ ನೋಟ ಅವನಿಗೆ ಗೊತ್ತು. ಹದಿನಾಲ್ಕರ ವಯಸ್ಸಿನಲ್ಲಿ ತಾನು ಆಳದ ಗುರುತಿನ ಹಗ್ಗ ದಾಟಿ ಆಳಕ್ಕೆ ಹೋಗಿ, ಕಾಲಿಗೆ ನೆಲ ಸಿಗದೆ, ಮೂಗಿಗೆ ಬಾಯಿಗೆ ನೀರು ನುಗ್ಗಿ ಮೇಲೆ ಬಂದಾಗಲೆಲ್ಲ ಅಂಚಿನಲ್ಲಿ ನಿಂತ ಭಾವನ ಮುಖ ಕಾಣುತ್ತಿತ್ತು. ನೆಟ್ಟ ಮುಖ. ಆಮೇಲೆ ತೋಳು ಹಿಡಿದು ಎಳೆದು ಹಾಕಿದ್ದು, ಬೆನ್ನಿಗೆ ಗುದ್ದಿದ್ದು. ಊಟಕ್ಕೆ ಕೂತಾಗ ಭಾವ, 'ಇವನು ಕುಡಿದ ನೀರಿಗೆ ಇನ್ನೊಂದು ತಿಂಗಳು ಬಾಯಾರಿಕೆ ಆಗಲ್ಲ' ಅಂದದ್ದು, ಎಲ್ಲರೂ ನಕ್ಕದ್ದು, ಅಕ್ಕನೂ ನಕ್ಕದ್ದು. ಮನೆಯಲ್ಲಿ ಇವತ್ತಿಗೂ ಹೇಳಿ ನಗುವ ಕಥೆ ಅದು. ಆ ಹೊತ್ತು ಎಷ್ಟು ಸೆಕೆಂಡು ಆಗಿತ್ತು? ಎಣಿಸುವ ಸ್ಥಿತಿಯಲ್ಲಿ ಅವನಿರಲಿಲ್ಲ.

ಮಧ್ಯಾಹ್ನ ಡಬ್ಬಿ ತೆರೆಯುವ ಹೊತ್ತಿಗೆ ಅಕ್ಕನ ಫೋನು ಬಂತು. ಆ ಮನೆಯಲ್ಲಿ ಅವನು ಒಂಬತ್ತು ವರ್ಷ ಉಂಡಿದ್ದ, ಹಾಗಾಗಿ ಅಕ್ಕನ ಫೋನು ಬಂದಾಗ ಈಗಲೂ ತುತ್ತು ಕೆಳಗಿಟ್ಟೇ ಮಾತಾಡುತ್ತಿದ್ದ.

'ಲೋ, ಊಟ ಆಯ್ತೇನೋ?'

'ಮಾಡ್ತಿದೀನಿ ಅಕ್ಕ.'

'ಮಾಡು ಮಾಡು. ಸೋಮವಾರದಿಂದ ಈಜುಕೊಳ ತೆಗೀತಾರಂತೆ. ಭಾವನಿಗೆ ಮತ್ತೆ ಅದೇ ಡ್ಯೂಟಿ, ಬೆಳಗಿನ ಬ್ಯಾಚು. ಕಾಗದ ಕೈಗೆ ಬಂತು. ಮೂರು ವಾರ ಆಯ್ತು ನೋಡು ಆ ಮನುಷ್ಯ ಸರಿಯಾಗಿ ಉಂಡು.'

'ಒಳ್ಳೇದಾಯ್ತು.'

'ಒಳ್ಳೇದಾಯ್ತು ಅಂತೆ, ಯಾರದೋ ಮನೆ ಸುದ್ದಿ ಕೇಳಿದ ಹಾಗೆ! ಕೇಳಿಲ್ಲಿ, ಪುಟ್ಟಿನೂ ಸೇರಿಸಿದೀನಿ. ಮಕ್ಕಳ ಬ್ಯಾಚಲ್ಲಿ ಒಂದು ಜಾಗ ಖಾಲಿ ಇತ್ತು, ಹೆಸರು ಬರೆಸಿಬಿಟ್ಟೆ. ನಿನ್ನ ಹೆಂಡತಿಗೂ ಹೇಳಿದೆ.'

'ಈಗ್ಲೇ ಯಾಕಕ್ಕ? ಇನ್ನೂ ಚಿಕ್ಕವಳು.'

'ಆರು ವರ್ಷ ಚಿಕ್ಕದಾ? ಮನೆ ಮಾವನೇ ಕಾಯ್ತಾ ಕೂತಿರೋವಾಗ ಭಯ ಏನೋ ನಿಂಗೆ? ನಿನ್ನ ಹಾಗೆ ನೀರು ಕಂಡ್ರೆ ಓಡೋ ಜಾತಿ ಆಗೋದು ಬೇಡ ಅದು.'

ಅಕ್ಕನ ದನಿ ತಗ್ಗಿತು. ಅವಳು ಅಡುಗೆಮನೆಯ ಬಾಗಿಲು ಮುಂದೆ ಮಾಡಿದ ಸದ್ದು ಕೇಳಿಸಿತು.

'ನೋಡು, ನೀನು ಮಾಡಿದ್ದನ್ನ ನಾನು ಸಾಯೋವರೆಗೂ ಮರೆಯಲ್ಲ.'

'ನಾನೇನು ಮಾಡಿದೆ?'

'ಆಯ್ತಪ್ಪ, ಏನೂ ಮಾಡಿಲ್ಲ. ಫೋನಲ್ಲಿ ಹೇಳಬಾರದು, ಗೊತ್ತು ನಂಗೂ.'

'ಅಕ್ಕ, ನಿಜವಾಗ್ಲೂ ನಾನು ಏನೂ...'

'ಭಾವ ನನ್ನ ಹತ್ರ ಎಲ್ಲಾ ಹೇಳಿದಾರೆ ಕಣೋ. ಎಷ್ಟು ಹೊತ್ತು ಆಗಿತ್ತು ಅಂತ. ನಾನೂ ಅವತ್ತು ಪೂರ್ತಿ ಅತ್ತೆ. ಆಮೇಲೆ ಹದಿನೇಳು ಅಂದ್ರಂತೆ ಅಲ್ಲಿ. ಆವಾಗ್ಲೇ ಅಂದ್ಕೊಂಡೆ, ನನ್ನ ತಮ್ಮನ ಕೈ ಇದು ಅಂತ. ಹಾಕಿದ ಅನ್ನ ಸುಮ್ನೆ ಹೋಗಲ್ಲ. ಹೂಂ, ಊಟ ಮಾಡು.'

ಡಬ್ಬಿಯ ಮುಚ್ಚಳ ಹಾಕಿಬಿಟ್ಟ. ಮೂರು ವಾರದಿಂದ ಭಾವ ಯಾಕೆ ತನ್ನ ಕಣ್ಣು ತಪ್ಪಿಸಿ ಓಡಾಡುತ್ತಿದ್ದ ಎನ್ನುವುದು ಈಗ ತಿಳಿಯಿತು. ವಿಚಾರಣೆ ಮುಗಿದ ಸಂಜೆ ಅವರ ಮನೆಗೆ ಹೋದಾಗ ಭಾವ ಎದ್ದು ನಿಂತು ಕುರ್ಚಿ ಕೊಟ್ಟಿದ್ದ. ಹುಟ್ಟಿದ ಮೇಲೆ ಮೊದಲ ಬಾರಿಗೆ ಭಾವ ಅವನಿಗಾಗಿ ಎದ್ದು ನಿಂತದ್ದು. ಅದನ್ನು ಅವನು ದುಃಖದ ಮರ್ಯಾದೆ ಎಂದುಕೊಂಡಿದ್ದ, ಒಳಗೊಳಗೆ ಹಿಗ್ಗಿಯೂ ಇದ್ದ. ಸಾಲ ಕೊಟ್ಟವನೆದುರು ನಿಲ್ಲುವ ಹಾಗೆ ನಿಂತಿದ್ದ ಆ ಮನುಷ್ಯ. ಈಗ ತಾನು ಸಮಿತಿಗೆ ಹೋಗಿ ಇದು ಕೈತಪ್ಪು, ಹದಿನೈದರ ಫೈಲು ಇಪ್ಪತ್ತೈದಕ್ಕೆ ಓಡಿತು, ಎಂದರೆ ನಂಬುವವರು ಯಾರು? ಒಂದು ಫ್ರೇಮೂ ಬಿಡದವನು ಎಂದು ಊರಿಗೆಲ್ಲ ಹೆಸರು. ಸ್ವಂತ ಅಕ್ಕನೇ ನಂಬಲಿಲ್ಲ. ಭಾವನ ಜತೆಗೆ ಅವನೂ ಕಟಕಟೆ ಹತ್ತಬೇಕು. ಸುಮ್ಮನಿದ್ದರೆ ಸೋಮವಾರ ಪುಟ್ಟಿ ಹಳದಿ ಟೋಪಿ ಹಾಕಿಕೊಂಡು ಮೆಟ್ಟಿಲಿಳಿಯುತ್ತಾಳೆ, ಮೇಲೆ ಕುರ್ಚಿಯಲ್ಲಿ ಆ ಮುಖ ಇರುತ್ತದೆ. ಪುಟ್ಟಿಯನ್ನು ಕಳಿಸದೆ ಇರಬಹುದು, ಜ್ವರ ಎನ್ನಬಹುದು, ಕಿವಿನೋವು ಎನ್ನಬಹುದು. ಬೇರೆಯವರ ಮಕ್ಕಳಿಗೆ ಯಾರು ಜ್ವರ ಬರಿಸುತ್ತಾರೆ? ಈ ಯೋಚನೆ ಬಂದದ್ದೇ ತಡ ಅದನ್ನು ತಳ್ಳಿದ. ಫೈಲಿನ ಪಟ್ಟಿ ಮತ್ತೆ ತೆರೆದು ಹದಿನೈದನ್ನು ಅಳಿಸಿ ಇಪ್ಪತ್ತೈದು ಹೊಡೆದ. ಸಮಿತಿ ನೋಡಿದ್ದು ಯಾವುದೋ, ಗಂಡನಿಗೂ ಅದೇ ಸಿಗಲಿ. ಎರಡೂ ಒಂದೇ ಇರಬೇಕು. ತುಂಡು ಕತ್ತರಿಸಿ ಇಟ್ಟ. ಅವಳು ನೀರಿಗೆ ಕಾಲಿಟ್ಟಲ್ಲಿಗೆ ಮುಗಿಯುತ್ತಿತ್ತು.

ಡ್ರೈವರ್ ನಾಲ್ಕಕ್ಕೆ ಐದು ನಿಮಿಷ ಇರುವಾಗಲೇ ಬಂದ. ಬಾಗಿಲಲ್ಲಿ ಚಪ್ಪಲಿ ಬಿಡಬೇಕೋ ಬೇಡವೋ ತಿಳಿಯದೆ ನಿಂತ. ದೊಡ್ಡ ಆಳು, ಸಮವಸ್ತ್ರದ ಬೆನ್ನು ಬೆವರಿಗೆ ಅಂಟಿಕೊಂಡಿತ್ತು. ಮಾಲೀಕ ಎದ್ದು, 'ಬನ್ನಿ ಸಾರ್, ನಮ್ಮ ಫ್ರೇಮಪ್ಪ ಎಲ್ಲಾ ರೆಡಿ ಮಾಡಿದಾನೆ' ಎಂದು ಕುರ್ಚಿ ಎಳೆದ. ಆಮೇಲೆ ಪಕ್ಕದ ಕೋಣೆಗೆ ಹೋದ. ಡ್ರೈವರ್ ಕುರ್ಚಿಯ ಅಂಚಿನಲ್ಲಿ ಕೂತು ಪೆನ್‌ಡ್ರೈವ್ ಮೇಜಿನ ಮೇಲಿಟ್ಟ. ಹೊಸದು, ಪ್ಲಾಸ್ಟಿಕ್ ಹೊದಿಕೆ ಕೂಡ ತೆಗೆದಿರಲಿಲ್ಲ.

'ಒಂದ್ಸಲ ನೋಡಿ ತಗೊಂಡು ಹೋಗ್ಲಾ ಸಾರ್? ಮನೇಲಿ ಒಬ್ಬನೇ ನೋಡೋಕೆ ಆಗುತ್ತೋ ಇಲ್ವೋ.'

ಓಡಿಸಿದ. ಹೆಂಗಸು ಬಾಗಿಲು ದಾಟಿದಳು, ಅಂಚಿನುದ್ದಕ್ಕೂ ಬಂದಳು, ಟವೆಲ್ ಇಟ್ಟಳು, ಇಳಿದಳು. ಅಷ್ಟೇ. ಡ್ರೈವರ್ ಇನ್ನೊಂದು ಸಲ ಹಾಕಿ ಎಂದು ಬೆರಳು ತೋರಿಸಿದ. ಎರಡನೇ ಸಲ ಮುಗಿದಾಗ ಕತ್ತು ಸ್ವಲ್ಪ ವಾಲಿಸಿ ಕೂತಿದ್ದ, ಎಂಜಿನ್ನಿನಲ್ಲಿ ಎಲ್ಲಿಂದಲೋ ಬರುವ ಸದ್ದನ್ನು ಆಲಿಸುವವನ ಹಾಗೆ.

'ಇದು ನಮ್ಮನೆಯವಳ ನಡಿಗೆ ಅಲ್ಲ ಸಾರ್.'

'ಅಂದ್ರೆ?'

'ಮುಖ ಅವಳದ್ದೇ, ಬಟ್ಟೆ ಅವಳದ್ದೇ. ನಡಿಗೆ ಅಲ್ಲ. ಅವಳು ಬಲಗಾಲು ಇಟ್ಟ ಮೇಲೆ ಒಂಚೂರು ನಿಲ್ತಿದ್ಲು. ಮಂಡಿ. ಅದಕ್ಕೇ ತಾನೇ ಡಾಕ್ಟ್ರು ಈಜು ಅಂದಿದ್ದು. ನನ್ನ ಬಸ್ಸಿಗೆ ಬಂದ್ರೆ ಇಡೀ ಬಸ್ಸು ಕಾಯ್ತಿತ್ತು, ಮೇಡಂ ಹತ್ತಿದ್ರಾ ಅಂತ ಕಂಡಕ್ಟರ್ ಗೇಲಿ ಮಾಡ್ತಿದ್ದ.' ಸ್ವಲ್ಪ ನಕ್ಕ. 'ಅವತ್ತು ಅಲ್ಲೂ ಅನ್ನಿಸ್ತು. ದೊಡ್ಡವರೆಲ್ಲ ಕೂತಿದ್ರು. ನಾನೇನು ಹೇಳೋದು ಅಂತ ಸುಮ್ನಾದೆ.'

'ಸಿಸಿ ಕ್ಯಾಮೆರಾದಲ್ಲಿ ಹಾಗೇ ಕಾಣೋದು,' ಎಂದ ಅವನು. ದನಿ ನೆಟ್ಟಗೇ ಇತ್ತು.

'ಹೌದಾ.' ಡ್ರೈವರ್ ತಲೆಯಾಡಿಸಿದ. 'ನಿಮಗೆ ಗೊತ್ತಿರುತ್ತೆ ಬಿಡಿ. ನಾನು ಇಪ್ಪತ್ತೆರಡು ವರ್ಷ ಮುಂದೆ ಮುಂದೆ ನಡೆದುಕೊಂಡು ಹೋಗಿ, ತಿರುಗಿ ನಿಂತು ಕಾಯ್ತಿದ್ದೆ. ಅದೇ ಅಭ್ಯಾಸ. ಇರ್ಲಿ, ಇದನ್ನೇ ಹಾಕಿ ಕೊಡಿ.'

ಪೆನ್‌ಡ್ರೈವಿನ ಹೊದಿಕೆಯನ್ನು ಹಲ್ಲಿನಿಂದ ಕಚ್ಚಿ ಹರಿದು ಡ್ರೈವರ್ ಅದನ್ನು ಮುಂದೆ ಚಾಚಿದ. ಅವನು ತೆಗೆದುಕೊಂಡ. ಅದನ್ನು ಸಿಕ್ಕಿಸಿ, ಫೈಲು ಎಳೆದು ಹಾಕಿದರೆ ಮುಗಿಯಿತು. ಈ ಮನುಷ್ಯ ಮನೆಗೆ ಹೋಗಿ, ಯಾರದೋ ನಡಿಗೆಯನ್ನು ಹೆಂಡತಿಯದೆಂದು ನೋಡುತ್ತ ನೋಡುತ್ತ, ಒಂದೆರಡು ವರ್ಷದಲ್ಲಿ ಅದೇ ನಿಜವಾಗಿ, ನಿಂತು ಕಾಯುತ್ತಿದ್ದುದನ್ನೇ ಮರೆಯಬಹುದು. ಅದರಿಂದ ಯಾರಿಗೂ ನಷ್ಟವಿಲ್ಲ. ಅವನ ಕೈ ಪೆನ್‌ಡ್ರೈವನ್ನು ಕೆಳಗಿಟ್ಟು ಫೈಲಿನ ಪಟ್ಟಿ ತೆರೆಯಿತು. ಧರ್ಮಾಧರ್ಮದ ಯೋಚನೆ ಆಗ ಅವನ ತಲೆಯಲ್ಲಿರಲಿಲ್ಲ. ತಪ್ಪು ವೇಗದ ಫೈಲನ್ನು ಗಿರಾಕಿ ಬೆರಳಿಟ್ಟು ತೋರಿಸಿದ ಮೇಲೂ ಹಾಗೇ ಕೊಟ್ಟು ಕಳಿಸಲು ಕೈಗೆ ಬರಲಿಲ್ಲ, ಅಷ್ಟೇ. ಎರಡು ಬೆರಳಿನ ಕೆಲಸ ಮಾಡಿ ಓಡಿಸಿದ.

ಹೆಂಗಸು ಬಾಗಿಲು ದಾಟಿದಳು. ಬಲಗಾಲು ಇಟ್ಟಳು. ನಿಂತಳು, ಒಂಚೂರು. ಎಡಗಾಲು ಎಳೆದು ತಂದಳು. ಬೆಂಚಿನವರೆಗೆ ಬರುವುದು ಅವಳಿಗೆ ದೊಡ್ಡ ಕೆಲಸವಾಗಿತ್ತು. ಡ್ರೈವರ್ ಮುಂದಕ್ಕೆ ಬಾಗಿ ಎರಡು ಕೈಯನ್ನೂ ಮೊಣಕಾಲ ಮೇಲೆ ಇಟ್ಟುಕೊಂಡ. 'ಹಾಂ,' ಎಂದ. 'ಬಾ. ಬಾ ನಿಧಾನಕ್ಕೆ.' ಅವಳು ಟವೆಲ್ ಇಟ್ಟಳು, ಬಾಟಲಿ ಬಿತ್ತು, ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಇಳಿದಳು. ನೀರಿಗೆ ಕಾಲಿಟ್ಟಲ್ಲಿ ಅವನು ನಿಲ್ಲಿಸಿದ. ಪಕ್ಕದ ಕೋಣೆಯಲ್ಲಿ ಮಾಲೀಕ ಫೋನಿನಲ್ಲಿ ಯಾರಿಗೋ ಆಲ್ಬಮ್ಮಿನ ಅಳತೆ ಹೇಳುತ್ತಿದ್ದ. ಡ್ರೈವರ್ ತೋಳಿನಿಂದ ಮುಖ ಒರೆಸಿಕೊಂಡು ಬಹಳ ಹೊತ್ತು ಪರದೆಯನ್ನೇ ನೋಡಿದ. ಆಮೇಲೆ ಅವನ ಕಣ್ಣು ನಿಧಾನವಾಗಿ ಚಿತ್ರ ಬಿಟ್ಟು ಕೀಬೋರ್ಡಿಗೆ, ಅಲ್ಲಿಂದ ಫ್ರೇಮಪ್ಪನ ಮುಖಕ್ಕೆ ಬಂತು.

'ಈಗ ಏನು ಮಾಡಿದ್ರಿ ಸಾರ್?'

'ವೇಗ ಸರಿ ಮಾಡಿದೆ.'

'ಮುಂಚೆ ಸರಿ ಇರಲಿಲ್ವಾ?'

ಇಲ್ಲ ಎಂದು ತಲೆಯಾಡಿಸಿದ.

'ಅವತ್ತು ಕಮಿಟೀಲಿ ತೋರಿಸಿದ್ದು ಯಾವುದು?'

'ಮುಂಚಿಂದು.'

ಡ್ರೈವರ್ ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು, ತಾನೂ ಕೂಗಬಹುದಿತ್ತು, ಮಾಲೀಕ ಬಂದು ಬಿಡಿಸುತ್ತಿದ್ದ. ಕಾಲಕ್ಕೆ ಸರಿಯಾಗಿ ಗಾಡಿ ಓಡಿಸಿ ಬದುಕಿದ ಆ ಮನುಷ್ಯ ಮನಸ್ಸಿನಲ್ಲೇ ಏನನ್ನೋ ಕೂಡಿಸಿ ಕಳೆಯುತ್ತಿರುವುದು ಹಣೆಯ ಮೇಲೆ ಕಾಣುತ್ತಿತ್ತು. ಹದಿನೇಳು ಎಂಬ ಅಂಕೆ ಅವನ ತುಟಿಯ ಮೇಲೆ ಒಮ್ಮೆ ಸದ್ದಿಲ್ಲದೆ ಬಂದು ಹೋಯಿತು. ಎದ್ದು ಕುರ್ಚಿಯನ್ನು ಪರದೆಯ ಹತ್ತಿರಕ್ಕೆ ಎಳೆದುಕೊಂಡು, ಈ ಬಾರಿ ಬೆನ್ನು ಆನಿಸಿ, ಪೂರ್ತಿ ಕೂತ.

'ಮುಂದೆ ಬಿಡಿ.'

'ಬೇಡ ಸಾರ್. ನೀವೇ ಬೇಡ ಅಂದಿದ್ರಿ.'

'ಅಂದಿದ್ದೆ. ಬಿಡಿ.'

ಕತ್ತರಿಸಿದ ತುಂಡು ಮುಚ್ಚಿ ಪೂರ್ತಿ ಫೈಲು ತೆರೆದ. ಅವಳು ಕಂಬಿ ಬಿಟ್ಟು, ಎದೆಮಟ್ಟದ ನೀರಿನಲ್ಲಿ ನಾಲ್ಕು ಹೆಜ್ಜೆ ಹೋದಳು. ನೀರಿನಲ್ಲಿ ಮಂಡಿ ನೋಯುವುದಿಲ್ಲವಂತೆ, ಅವಳು ಅಲ್ಲಿ ಚೆನ್ನಾಗಿ ನಡೆದಳು. ಕೈ ಬೀಸಿದಳು, ಕಾಲು ಬಡಿದಳು, ಹಗ್ಗದ ಆಚೆ ಹೋದದ್ದು ಅವಳಿಗೇ ತಿಳಿದಂತಿರಲಿಲ್ಲ. ಕೈ ಮೇಲೆ ಬಂತು, ಇನ್ನೊಮ್ಮೆ ಬಂತು, ಮತ್ತೆ ಬರಲಿಲ್ಲ. ಎತ್ತರದ ಕುರ್ಚಿಯಲ್ಲಿ ಭಾವ ಕತ್ತು ತಿರುಗಿಸಿದ.

'ಒಂದು,' ಎಂದ ಡ್ರೈವರ್. ಅವನು ಮೂಲೆಯ ಎಣಿಕೆಯನ್ನು ನೋಡುತ್ತಿರಲಿಲ್ಲ, ಕೈಗಡಿಯಾರವನ್ನು ಕಣ್ಣೆದುರು ಹಿಡಿದು ಅದನ್ನೂ ನೀರನ್ನೂ ನೋಡುತ್ತಿದ್ದ. 'ಎರಡು. ಮೂರು.' ಸಣ್ಣ ದನಿ, ಹತ್ತಿರದವರಿಗೆ ಮಾತ್ರ ಕೇಳುವಂಥದ್ದು. ಆರು ಎಂದಾಗ ಪಕ್ಕದ ಸಾಲಿನ ಈಜುಗಾರ ತುದಿ ಮುಟ್ಟಿ ತಿರುಗಿದ. ಒಂಬತ್ತು ಎಂದಾಗ ನೀರಿನ ಮೇಲಿನ ಕೊನೆಯ ಸುತ್ತೂ ಅಳಿಸಿ ನೀಲಿ ಹಲಗೆಯ ಹಾಗೆ ಸಮವಾಯಿತು. ಭಾವನ ಕೈ ಕುರ್ಚಿಯ ತೋಳಿನ ಮೇಲೇ ಇತ್ತು. ಇವನ ಬೆರಳು ಕೀಬೋರ್ಡಿನ ಉದ್ದದ ಕೀಲಿಯ ಮೇಲೆ ಇತ್ತು. ಒತ್ತಿದರೆ ಚಿತ್ರ ನಿಲ್ಲುತ್ತಿತ್ತು, ಕರೆಂಟು ಹೋಯಿತು, ಫೈಲು ಕೆಟ್ಟಿದೆ, ಏನಾದರೂ ಹೇಳಬಹುದಿತ್ತು. 'ಹದಿಮೂರು. ಹದಿನಾಲ್ಕು.' ಅಕ್ಕ ಅಡುಗೆಮನೆಯಲ್ಲಿ ಭಾವನ ಸಮವಸ್ತ್ರಕ್ಕೆ ಇಸ್ತ್ರಿ ಹಾಕುತ್ತಿರಬಹುದು. ಬೆರಳು ಒತ್ತಲೂ ಇಲ್ಲ, ಎತ್ತಲೂ ಇಲ್ಲ.

'ಹದಿನಾರು. ಹದಿನೇಳು.'

ಡ್ರೈವರ್ ಉಸಿರು ಹಿಡಿದು ಪರದೆಯತ್ತ ನೋಡಿದ. ಕುರ್ಚಿಯಲ್ಲಿದ್ದವನು ಕದಲಲಿಲ್ಲ. ನೀರು ಕದಲಲಿಲ್ಲ.

'ಹದಿನೆಂಟು,' ಎಂದ ಡ್ರೈವರ್.